ಹಗುರ ಮರ, ಖಾರ ದನಿ: ಹಳೆಯ ಫ್ಲಮೆಂಕೊ ಗಿಟಾರಿನ ಪರಿಚಯ

ಪಾವಗಡದ ಹುಡುಗನೊಬ್ಬ ಹಿಂದೆ ನನ್ನ ಹತ್ತಿರ ಗಿಟಾರ್ ಕಲಿತಿದ್ದ. ಈಗ ಯುರೋಪಿನಲ್ಲಿ ಕೆಲಸದಲ್ಲಿದ್ದಾನೆ. ಬೇಸಿಗೆ ರಜೆಗೆ ಊರಿಗೆ ಬಂದವನು ದಾರಿಯಲ್ಲಿ ಮಧುಗಿರಿಯ ನಮ್ಮ ಮನೆಯಲ್ಲಿ ಇಳಿದು, ಕಪ್ಪು ಪೆಟ್ಟಿಗೆಯೊಂದನ್ನು ನಡುಮನೆಯ ಚಾಪೆಯ ಮೇಲಿಟ್ಟು ತೆರೆದ. ಒಳಗಿದ್ದದ್ದು 1970ರ ದಶಕದಲ್ಲಿ ಮ್ಯಾಡ್ರಿಡ್ ನಗರದಲ್ಲಿ ಕೈಯಲ್ಲೇ ಮಾಡಿದ ಫ್ಲಮೆಂಕೊ ಗಿಟಾರ್. ಅಂದು ಕೊರಟಗೆರೆ ಕಡೆಯ ಆಚಾರ್ರು ಒಬ್ಬರು ನಮ್ಮ ಕಿಟಕಿ ಸರಿಮಾಡಲು ಬಂದಿದ್ದರು. ಅವರು ಕೈ ಒರೆಸಿಕೊಂಡು ಬಂದು ಅದನ್ನು ಎರಡೂ ಕೈಯಲ್ಲಿ ಎತ್ತಿದರು. ಭಾರ ಇರುತ್ತದೆಂದು ಎಣಿಸಿ ಎತ್ತಿದ ಕೈ ಸ್ವಲ್ಪ ಹೆಚ್ಚೇ ಮೇಲೆ ಹೋಯಿತು. “ಇದೇನ್ ಸಾರ್, ಒಣಗಿದ ಸೋರೆ ಬುರುಡೆ ಎತ್ತಿದಂಗೈತೆ!” ಎಂದರು. ಬೆರಳ ಗಿಣ್ಣಿನಿಂದ ಬೆನ್ನಿನ ಹಲಗೆಯನ್ನು ಮೆಲ್ಲಗೆ ತಟ್ಟಿ, ಕಿವಿ ಹತ್ತಿರ ತಂದು, “ಮರ ಪಳಗೈತೆ” ಎಂದರು.

ಗಿಟಾರ್ ಎಂದೂ ಹಿಡಿಯದ ಆಚಾರ್ರು ಮೊದಲ ಪಾಠವನ್ನು ತಾವಾಗಿಯೇ ಹೇಳಿಬಿಟ್ಟಿದ್ದರು. ಈ ವಾದ್ಯವನ್ನು ಅರಿಯುವುದು ಅದರ ಹಗುರದಿಂದಲೇ ಶುರುವಾಗಬೇಕು. ಏಕೆ ಹಗುರ ಎಂದು ಕೇಳುತ್ತಾ ಹೋದರೆ ಮರ, ತಂತಿ, ಬಿರಡೆ, ದನಿ, ಬೆಲೆ ಎಲ್ಲಕ್ಕೂ ಉತ್ತರ ಸಿಗುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ನನ್ನ ಬಳಿ ಬರುವ ಹೊಸಬರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ಗಿಟಾರ್ ಬಗ್ಗೆ ನಿಮಗೆ ಏನೂ ತಿಳಿದಿಲ್ಲ ಎಂದುಕೊಂಡೇ ಹೊರಡೋಣ.

ಯಾರಿಗಾಗಿ ಹುಟ್ಟಿದ ವಾದ್ಯ

ಫ್ಲಮೆಂಕೊ ಎಂಬುದು ಸ್ಪೇನ್ ದೇಶದ ದಕ್ಷಿಣ ಭಾಗವಾದ ಆಂದಲೂಸಿಯಾದ ಕಲೆ. ಹಾಡು, ಕುಣಿತ, ಗಿಟಾರ್ ಮೂರೂ ಸೇರಿದ್ದು. 2010ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇದನ್ನು ಬೆಳೆಸಿದವರಲ್ಲಿ ಹಿತಾನೊ ಎಂದು ಕರೆಸಿಕೊಳ್ಳುವ ರೋಮಾ ಜನರ ಪಾಲು ಬಹಳ ದೊಡ್ಡದು. ಅವರ ಪೂರ್ವಿಕರು ನೂರಾರು ವರ್ಷಗಳ ಹಿಂದೆ ಉತ್ತರ ಭಾರತದ ಕಡೆಯಿಂದ ಹೊರಟು, ನಡೆಯುತ್ತ ನಡೆಯುತ್ತ ಯುರೋಪ್ ಸೇರಿದವರು. ಅವರು ಸ್ಪೇನ್ ತಲುಪಿದ್ದಕ್ಕೆ 1425ರ ದಾಖಲೆ ಇದೆ. ರೋಮಾನಿ ನುಡಿಯಲ್ಲಿ ಎರಡಕ್ಕೆ ‘ದುಯ್’, ಐದಕ್ಕೆ ‘ಪಂಜ್’, ಹತ್ತಕ್ಕೆ ‘ದೆಶ್’ ಎನ್ನುತ್ತಾರೆ. ಶಿರಾ ಪೇಟೆಯಲ್ಲಿ ಉರ್ದು ಎಣಿಕೆ ಕೇಳಿ ಬೆಳೆದವರಿಗೆ ಈ ನಂಟು ಬಿಡಿಸಿ ಹೇಳಬೇಕಿಲ್ಲ.

ಈಗ ಫ್ಲಮೆಂಕೊ ಕೂಟವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಾಡುವವನ ದನಿ ಎದೆ ಬಿರಿಯುವಂಥದ್ದು. ಕುಣಿಯುವವರ ಬೂಟಿನ ಹಿಮ್ಮಡಿ ಮರದ ನೆಲಕ್ಕೆ ಪಟಪಟ ಬಡಿಯುತ್ತದೆ. ಸುತ್ತ ಕೂತವರು ತಾಳ ಹಿಡಿದು ಕೈ ತಟ್ಟುತ್ತಾರೆ. ಇಷ್ಟೆಲ್ಲದರ ನಡುವೆ ಒಂದೇ ಒಂದು ಗಿಟಾರ್, ಅದೂ ಮೈಕ್ ಇಲ್ಲದ ಕಾಲದಲ್ಲಿ, ಎಲ್ಲರ ಕಿವಿಗೂ ಬೀಳಬೇಕು. ನಮ್ಮ ಸೀಮೆಯ ಮೂಡಲಪಾಯ ಯಕ್ಷಗಾನ ನೋಡಿದವರು ಮುಖವೀಣೆಯನ್ನು ನೆನೆಯಿರಿ. ಗೇಣುದ್ದದ ವಾದ್ಯ ಅದು. ಮದ್ದಳೆ, ತಾಳ, ಭಾಗವತರ ಏರುದನಿ, ವೇಷಧಾರಿಗಳ ಹೆಜ್ಜೆ ಎಲ್ಲವನ್ನೂ ಸೀಳಿಕೊಂಡು ಬಯಲಿನ ಕೊನೆಯವರೆಗೆ ಹೋಗುತ್ತದೆ. ಫ್ಲಮೆಂಕೊ ಗಿಟಾರಿಗೂ ಬೇಕಾದದ್ದು ಆ ಬಗೆಯ ದನಿಯೇ. ಅದು ಥಟ್ಟನೆ ಹುಟ್ಟಬೇಕು, ಚುರುಕಾಗಿ ಕೇಳಬೇಕು, ಮುಂದಿನ ಪೆಟ್ಟಿಗೆ ಜಾಗ ಬಿಟ್ಟು ಬೇಗ ಅಡಗಬೇಕು. ಮಾಡುವವರು ಮರವನ್ನು ತೆಳುವಾಗಿ ಹೆರೆದದ್ದು, ಒಡಲನ್ನು ಹಗುರ ಮಾಡಿದ್ದು ಈ ಕಾರಣಕ್ಕೆ.

ವೀಣೆ ಬಲ್ಲವರಿಗೆ ಗಿಟಾರಿನ ಅಂಗಾಂಗ

ಮನೆಯಲ್ಲಿ ವೀಣೆ ಕಂಡವರಿಗೆ ಗಿಟಾರ್ ಪೂರ್ತಿ ಹೊಸದಲ್ಲ. ವೀಣೆಯ ಕೊಡ, ದಂಡಿ, ಕುದುರೆ, ಮೆಟ್ಟಿಲು, ಬಿರಡೆಗಳಿಗೆ ಗಿಟಾರಿನಲ್ಲೂ ಜೋಡಿಗಳಿವೆ. ವ್ಯತ್ಯಾಸ ಮಾಡುವ ಬಗೆಯಲ್ಲಿದೆ. ವೀಣೆಯ ಕೊಡವನ್ನು ಹಲಸಿನ ಮರದ ದಿಮ್ಮಿಯಿಂದ ತೋಡಿ ತೆಗೆಯುತ್ತಾರೆ. ಗಿಟಾರಿನ ಒಡಲನ್ನು ತೆಳು ಹಲಗೆಗಳನ್ನು ಬಿಸಿ ತಾಗಿಸಿ ಬಗ್ಗಿಸಿ, ಅಂಟಿಸಿ ಕಟ್ಟುತ್ತಾರೆ. ವೀಣೆಯಲ್ಲಿ ಇಪ್ಪತ್ನಾಲ್ಕು ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ಬೇಕಾದರೆ ಬಿಡಿಸಿ ಮತ್ತೆ ಕೂರಿಸಬಹುದು. ಗಿಟಾರಿನ ಲೋಹದ ಮೆಟ್ಟಿಲುಗಳು ಮರದಲ್ಲಿ ಹೂತಿರುತ್ತವೆ. ಕುದುರೆಯಿಂದ ತಲೆಯ ಕಡೆಯ ಎಲುಬಿನ ಮೆಟ್ಟಿನವರೆಗೆ ತಂತಿಯ ಉದ್ದ ಸುಮಾರು 650ರಿಂದ 660 ಮಿಲಿಮೀಟರ್.

ಒಡಲಿನ ಮೇಲ್ಹಲಗೆಯೇ ಗಿಟಾರಿನ ಜೀವ. ಅದು ಸ್ಪ್ರೂಸ್ ಎಂಬ ಚಳಿನಾಡಿನ ಮರದ್ದು, ದಪ್ಪ ಎರಡು ಮಿಲಿಮೀಟರಿನ ಆಸುಪಾಸು. ಇಷ್ಟು ತೆಳು ಹಲಗೆ ಆರು ತಂತಿಗಳ ಎಳೆತಕ್ಕೆ ಬಾಗದಿರಲಿ ಎಂದು ಒಳಗಡೆ ಬೀಸಣಿಗೆಯ ಕಡ್ಡಿಗಳಂತೆ ಸಣ್ಣ ಪಟ್ಟಿಗಳನ್ನು ಹರಡಿ ಅಂಟಿಸಿರುತ್ತಾರೆ. ಈ ಕಟ್ಟನ್ನು ಹದಕ್ಕೆ ತಂದವರು ಅಲ್ಮೆರಿಯಾದ ಆಂತೋನಿಯೊ ದೆ ತೊರ್ರೆಸ್ (1817–1892). ಇಂದಿನ ಗಿಟಾರಿನ ಆಕಾರ, ಅಳತೆ ಬಹುಪಾಲು ಅವರು ಹಾಕಿಕೊಟ್ಟದ್ದೇ. ದನಿ ಹುಟ್ಟುವುದು ಮೇಲ್ಹಲಗೆಯಲ್ಲಿ ಎಂದು ತೋರಿಸಲು ಅವರು 1862ರಲ್ಲಿ ಒಂದು ಗಿಟಾರಿನ ಬೆನ್ನು ಮತ್ತು ಪಕ್ಕಗಳನ್ನು ರಟ್ಟಿನಲ್ಲಿ ಮಾಡಿದರು. ಆ ವಾದ್ಯ ಈಗಲೂ ಬಾರ್ಸಿಲೋನಾದ ಸಂಗೀತ ಸಂಗ್ರಹಾಲಯದಲ್ಲಿದೆ.

ಕ್ಲಾಸಿಕಲ್ ಗಿಟಾರ್ ಪಕ್ಕದಲ್ಲಿ ಫ್ಲಮೆಂಕೊ ಗಿಟಾರ್ ಇಟ್ಟರೆ ಹೊಸಬರಿಗೆ ಎರಡೂ ಒಂದೇ ಎನಿಸುತ್ತದೆ. ನಾಲ್ಕು ಗುರುತುಗಳನ್ನು ನೋಡಿಕೊಳ್ಳಿ.

ಮೊದಲನೆಯದು ತೂಕ. ಕ್ಲಾಸಿಕಲ್ ಗಿಟಾರ್ ಒಂದೂವರೆ ಕಿಲೊ ತೂಗಿದರೆ, ಮರದ ಬಿರಡೆಗಳ ಹಳೆಯ ಫ್ಲಮೆಂಕೊ ಗಿಟಾರ್ ಒಂದೂಕಾಲು ಕಿಲೊದ ಒಳಗೇ ಇರುವುದುಂಟು. ಎರಡನೆಯದು ತಂತಿಯ ಎತ್ತರ. ಕುದುರೆಯ ಬಳಿ ತಂತಿಗಳು ಮೇಲ್ಹಲಗೆಯಿಂದ ಏಳೆಂಟು ಮಿಲಿಮೀಟರ್ ಮಾತ್ರ ಮೇಲಿರುತ್ತವೆ. ಬಲಗೈ ತಂತಿಯನ್ನೂ ಹಲಗೆಯನ್ನೂ ಒಟ್ಟಿಗೇ ಬಡಿಯಬೇಕಲ್ಲ, ಅದಕ್ಕೆ ಈ ತಗ್ಗು. ಮೂರನೆಯದು ಗೊಲ್ಪೆಯದೋರ್. ಬೆರಳುಗುರಿನ ಪೆಟ್ಟಿಗೆ ಮರ ಸವೆಯದಂತೆ ಮೇಲ್ಹಲಗೆಯ ದುಂಡು ಕಿಂಡಿಯ ಪಕ್ಕದಲ್ಲಿ ಅಂಟಿಸಿದ ತೆಳು ಹಾಳೆ ಇದು. ನಾಲ್ಕನೆಯದು ಬಿರಡೆ. ಹಳೆಯವುಗಳಲ್ಲಿ ಹಲ್ಲಿನ ಚಕ್ರದ ಯಂತ್ರವಿಲ್ಲ, ವೀಣೆಯಂತೆಯೇ ಮರದ ಬಿರಡೆ ಮರದ ತೂತಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ವೀಣೆಯ ಶ್ರುತಿ ಮಾಡಿ ಬಲ್ಲ ಹೆಣ್ಣುಮಕ್ಕಳು ನಮ್ಮಲ್ಲಿ ಇದನ್ನು ಮೊದಲ ದಿನವೇ ಸಲೀಸಾಗಿ ತಿರುಗಿಸಿದ್ದನ್ನು ನೋಡಿದ್ದೇನೆ. ಒಳಕ್ಕೆ ಒತ್ತಿಕೊಂಡೇ ತಿರುಗಿಸಬೇಕೆಂಬುದು ಅವರ ಕೈಗೆ ಗೊತ್ತಿರುತ್ತದೆ.

ಬಿಳಿ ಗಿಟಾರ್, ಕರಿ ಗಿಟಾರ್, ನಮ್ಮ ಬೀಟೆ

ಬೆನ್ನು ಮತ್ತು ಪಕ್ಕದ ಮರದ ಮೇಲೆ ಫ್ಲಮೆಂಕೊ ಗಿಟಾರಿನಲ್ಲಿ ಎರಡು ಕುಲ. ‘ಬ್ಲಾಂಕಾ’ ಎಂದರೆ ಬಿಳಿಯದು. ಸೈಪ್ರೆಸ್ ಮರದ್ದು. ನಸುಹಳದಿ ಬಣ್ಣ, ಮೂಗಿಗೆ ಹಿಡಿದರೆ ಸುವಾಸನೆ. ಸ್ಪೇನಿನಲ್ಲಿ ಈ ಮರ ಸುಲಭವಾಗಿ, ಅಗ್ಗವಾಗಿ ಸಿಗುತ್ತಿತ್ತು. ದುಬಾರಿ ಮರದ ವಾದ್ಯ ಕೊಳ್ಳಲಾಗದ ಫ್ಲಮೆಂಕೊ ಕಲಾವಿದರಿಗೆ ಒದಗಿದ್ದು ಇದೇ. ಬಡತನಕ್ಕೆ ಆರಿಸಿಕೊಂಡ ಮರ ಕೊನೆಗೆ ಆ ಕಲೆಯ ದನಿಯೇ ಆಗಿ ನಿಂತಿತು. ಹಗುರ ಸೈಪ್ರೆಸ್ ಬೇಗ ಕಂಪಿಸಿ ಬೇಗ ಸುಮ್ಮನಾಗುತ್ತದೆ, ಕುಣಿತಕ್ಕೆ ಬೇಕಾದ ಒಣ, ಖಾರ ದನಿ ಕೊಡುತ್ತದೆ.

‘ನೆಗ್ರಾ’ ಎಂದರೆ ಕರಿಯದು. ಬೆನ್ನು, ಪಕ್ಕಗಳು ರೋಸ್‌ವುಡ್‌ನವು. ದನಿ ಸ್ವಲ್ಪ ತುಂಬು, ಸ್ವಲ್ಪ ದೀರ್ಘ. ಕುಣಿತದ ಜೊತೆಗಾರನಾಗಿದ್ದ ಗಿಟಾರ್ ಒಬ್ಬಂಟಿಯಾಗಿ ವೇದಿಕೆ ಏರಿದಾಗ, ವಿಶೇಷವಾಗಿ 1960ರ ದಶಕದಿಂದೀಚೆಗೆ, ಈ ಕುಲಕ್ಕೆ ಬೇಡಿಕೆ ಹೆಚ್ಚಿತು.

ಆ ರೋಸ್‌ವುಡ್ ಯಾವುದು ಗೊತ್ತೇ? ಮೊದಲು ಬ್ರೆಜಿಲ್ ದೇಶದ್ದನ್ನು ಬಳಸುತ್ತಿದ್ದರು. 1960ರ ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿಗಳನ್ನು ಹೊರಗೆ ಕಳಿಸುವುದನ್ನು ತಡೆದಾಗ ಗಿಟಾರ್ ಕಟ್ಟುವವರು ಭಾರತದ ರೋಸ್‌ವುಡ್ ಕಡೆ ತಿರುಗಿದರು. ಅದೇ ನಮ್ಮ ಬೀಟೆ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ ಮರ. ಮೈಸೂರಿನ ಕುಸುರಿ ಕೆಲಸದವರು ಚಿತ್ರಗಳನ್ನು ಕೂರಿಸುವುದು ಇದೇ ಮರದಲ್ಲಿ. ಜಗತ್ತಿನ ಯಾವುದೋ ಮೂಲೆಯಲ್ಲಿ ನುಡಿಯುವ ಕರಿ ಗಿಟಾರಿನ ಬೆನ್ನಿಗೆ ನಮ್ಮ ಪಶ್ಚಿಮಘಟ್ಟದ ಮಳೆ ಕುಡಿದು ಬೆಳೆದ ಮರವಿರುವ ಸಾಧ್ಯತೆ ದೊಡ್ಡದು. ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಹೆಮ್ಮೆಯ ಜೊತೆಗೆ ಒಂದು ಆತಂಕವೂ ಆಗುತ್ತದೆ. ಬೀಟೆ ಬಲಿಯಲು ತಲೆಮಾರುಗಳೇ ಬೇಕು. ಇಂಥ ಮರದ ಹಳೆಯ ವಾದ್ಯ ಕೈಗೆ ಬಂದರೆ ಅದನ್ನು ಇನ್ನೊಂದು ತಲೆಮಾರಿಗೆ ದಾಟಿಸುವುದು ಕಾಡಿಗೆ ನಾವು ತೀರಿಸುವ ಋಣ.

ಮೇಲಿನ ಹೊಳಪಿನಲ್ಲೂ ನಮ್ಮ ನಾಡಿನ ನಂಟಿದೆ. ಹಳೆಯ ಗಿಟಾರುಗಳಿಗೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ನೂರಾರು ಸಲ ತೆಳುವಾಗಿ ಉಜ್ಜಿ ಹೊಳಪು ತರುತ್ತಿದ್ದರು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವುದೂ ಅರಗಿನಲ್ಲೇ. ಭಾರತ ಅರಗಿನ ತವರು.

ಕಟ್ಟಿದ ಕೈಗಳು

ಸಂಗ್ರಹಕ್ಕಾಗಿ ಕೊಳ್ಳುವವರು ಕೆಲವು ಹೆಸರುಗಳನ್ನಾದರೂ ತಿಳಿದಿರಬೇಕು. ಮ್ಯಾಡ್ರಿಡ್‌ನ ಮನೆತನಗಳ ಬೇರು ರಾಮಿರೆಸ್ ಅಣ್ಣತಮ್ಮಂದಿರಲ್ಲಿದೆ. ಅಣ್ಣ ಹೊಸೆ ರಾಮಿರೆಸ್ (1858–1923), ತಮ್ಮ ಮನುಯೆಲ್ ರಾಮಿರೆಸ್ (1864–1916). ಮನುಯೆಲ್ ಅಂಗಡಿಯಲ್ಲಿ ದುಡಿದ ಸಾಂತೋಸ್ ಎರ್ನಾಂದೆಸ್ (1874–1943) ಮತ್ತು ದೊಮಿಂಗೊ ಎಸ್ತೆಸೊ (1882–1937) ಮುಂದೆ ತಮ್ಮ ತಮ್ಮ ಅಂಗಡಿ ತೆರೆದರು. ಈ ಇಬ್ಬರ ಗಿಟಾರುಗಳು ಫ್ಲಮೆಂಕೊ ಲೋಕದಲ್ಲಿ ಇಂದಿಗೂ ಅಳತೆಗೋಲು. ಅವರ ನಂತರ ಮಾರ್ಸೆಲೊ ಬಾರ್ಬೆರೊ (1904–1956) ಬಂದರು. ಕೊರ್ದೊಬಾ ಊರಿನಲ್ಲಿ ಮನುಯೆಲ್ ರೆಯೆಸ್ (1934–2014) ವರ್ಷಕ್ಕೆ ಕೆಲವೇ ವಾದ್ಯಗಳನ್ನು ಕಟ್ಟಿ ದೊಡ್ಡ ಹೆಸರು ಗಳಿಸಿದರು.

ಎಸ್ತೆಸೊ ತೀರಿಕೊಂಡ ಮೇಲೆ ಅವರ ಹೆಂಡತಿ ಮತ್ತು ಸೋದರಳಿಯಂದಿರು ಅದೇ ಅಂಗಡಿಯನ್ನು ನಡೆಸಿದರು. ಮೊದಲು ಗಿಟಾರಿನ ಒಳಗೆ ಅಂಟಿಸುವ ಚೀಟಿಯ ಮೇಲೆ ‘ಎಸ್ತೆಸೊ ಅವರ ವಿಧವೆ ಮತ್ತು ಸೋದರಳಿಯಂದಿರು’ ಎಂಬರ್ಥದ ಸಾಲಿರುತ್ತಿತ್ತು. ಮುಂದೆ ‘ಕೊಂದೆ ಸೋದರರು’ ಎಂದಾಯಿತು. ಹೀಗೆ ಒಳಗಿನ ಚೀಟಿಯ ಒಕ್ಕಣೆಯೊಂದೇ ವಾದ್ಯದ ಕಾಲವನ್ನು ಅಂದಾಜಿಗೆ ಹೇಳಬಲ್ಲದು. ಈ ಕೊಂದೆ ಮನೆತನದ ಗಿಟಾರುಗಳನ್ನು ಜಗತ್ತಿಗೆಲ್ಲ ಕೇಳಿಸಿದವರು ಪಾಕೊ ದೆ ಲೂಸಿಯಾ (1947–2014).

ಪಾಕೊ ಅವರಿಗೂ ಮುಂಚೆ, ಫ್ಲಮೆಂಕೊ ಗಿಟಾರನ್ನು ಹಾಡು ಕುಣಿತಗಳ ಹಂಗಿಲ್ಲದೆ ಒಂಟಿಯಾಗಿ ನುಡಿಸಿ ಕೇಳಿಸಿದವರಲ್ಲಿ ರಾಮೊನ್ ಮೊಂತೊಯಾ ಮೊದಲಿಗರು. 1936ರಲ್ಲಿ ಪ್ಯಾರಿಸ್‌ನಲ್ಲಿ ಧ್ವನಿಮುದ್ರಣವಾದ ಅವರ ವಾದನ ಈಗಲೂ ಕೇಳಲು ಸಿಗುತ್ತದೆ. ಸಬೀಕಾಸ್ (1912–1990) ಆ ದಾರಿಯನ್ನು ಅಮೆರಿಕಕ್ಕೆ ಒಯ್ದರು. ಕೊಳ್ಳುವ ಯೋಚನೆಗೂ ಮೊದಲು ಈ ಮೂವರನ್ನು ಒಂದೊಂದು ಗಂಟೆಯಾದರೂ ಕೇಳಿ. ಕಿವಿಯಲ್ಲಿ ಒಳ್ಳೆಯ ದನಿಯ ನೆನಪು ಇದ್ದರೆ ಮಾರುವವರ ಮಾತಿಗೆ ಮರುಳಾಗುವುದು ಕಡಿಮೆ.

ಕೈ, ತಾಳ, ತೋಡಿ

ನುಡಿಸುವ ಆಸೆಯಿಂದ ಬರುವವರಿಗೆ ಮೊದಲ ವಾರ ನಾನು ತಂತಿ ಮುಟ್ಟಿಸುವುದಿಲ್ಲ. ಕೈ ತಟ್ಟಿಸುತ್ತೇನೆ. ಫ್ಲಮೆಂಕೊದ ಬೆನ್ನೆಲುಬು ‘ಕೊಂಪಾಸ್’ ಎಂಬ ತಾಳಚಕ್ರ. ಸೊಲೆಯಾ ಎಂಬ ಪ್ರಕಾರದಲ್ಲಿ ಒಂದು ಸುತ್ತಿಗೆ ಹನ್ನೆರಡು ಎಣಿಕೆ. ಒಂದರಿಂದ ಹನ್ನೆರಡರವರೆಗೆ ಎಣಿಸುತ್ತಾ ಮೂರು, ಆರು, ಎಂಟು, ಹತ್ತು, ಹನ್ನೆರಡಕ್ಕೆ ಜೋರಾಗಿ ತಟ್ಟಿ. ಮೂರು, ಮೂರು, ಎರಡು, ಎರಡು, ಎರಡು ಎಂದು ಒಡೆಯುವ ಈ ನಡೆ ಮೈಗೆ ಹತ್ತಲು ನಾಲ್ಕು ದಿನ ಬೇಕು. ಆದಿತಾಳ, ರೂಪಕ ಹಾಕಿ ಅಭ್ಯಾಸವಾದ ಮಕ್ಕಳು ಬೇಗ ಹಿಡಿಯುತ್ತಾರೆ.

ನಂತರ ಬಲಗೈ. ಬೆರಳುಗಳನ್ನು ಬೀಸಣಿಗೆಯಂತೆ ಒಂದರ ಹಿಂದೊಂದು ಬಿಚ್ಚಿ ಎಲ್ಲ ತಂತಿ ಸವರುವುದು ‘ರಸ್ಗೆಯಾದೊ’. ಎರಡು ಬೆರಳಿನಿಂದ ಬಿಡಿ ಸ್ವರಗಳನ್ನು ಓಡಿಸುವುದು ‘ಪಿಕಾದೊ’. ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸುವುದು ‘ಅಲ್ಸಪೂವಾ’. ಹಲಗೆಗೆ ಉಗುರಿನ ಪೆಟ್ಟು ‘ಗೊಲ್ಪೆ’. ಮೇಲೆ ಹೇಳಿದ ತಗ್ಗು ತಂತಿ, ತೆಳು ಹಲಗೆ, ಗೊಲ್ಪೆಯದೋರ್ ಹಾಳೆ ಇವೆಲ್ಲ ಯಾಕೆ ಎಂಬುದು ಈ ಹೆಸರುಗಳನ್ನು ಕೈಯಿಂದ ಮಾಡಿ ನೋಡಿದಾಗ ಅರ್ಥವಾಗುತ್ತದೆ.

ಸ್ವರದ ವಿಷಯಕ್ಕೆ ಬಂದರೆ ಕರ್ನಾಟಕ ಸಂಗೀತ ಬಲ್ಲವರಿಗೆ ಒಂದು ಸಂತೋಷ ಕಾದಿದೆ. ಫ್ಲಮೆಂಕೊ ಬಹುವಾಗಿ ಆಶ್ರಯಿಸುವ ಸ್ವರಶ್ರೇಣಿಯ ಏಳು ಸ್ವರಸ್ಥಾನಗಳು ನಮ್ಮ ಎಂಟನೆಯ ಮೇಳ ಹನುಮತೋಡಿಯವೇ. ಅದರಲ್ಲಿ ಗಾಂಧಾರವನ್ನು ಏರಿಸಿ ಅಂತರ ಗಾಂಧಾರ ಮಾಡಿದರೆ ಹದಿನಾಲ್ಕನೆಯ ಮೇಳ ವಕುಳಾಭರಣ. ಫ್ಲಮೆಂಕೊ ಈ ಎರಡರ ನಡುವೆ ಸಲೀಸಾಗಿ ಓಡಾಡುತ್ತದೆ, ಸುತ್ತು ಮುಗಿಸಿ ಷಡ್ಜಕ್ಕೆ ಇಳಿಯುವಾಗ ಅಂತರ ಗಾಂಧಾರದ ಮೇಲೆ ನಿಲ್ಲುವುದನ್ನು ಇಷ್ಟಪಡುತ್ತದೆ. ಇದು ರಾಗವೆಂದು ತಿಳಿಯಬೇಡಿ. ನಮ್ಮ ಗಮಕ, ಸಂಚಾರ ಬೇರೆಯೇ. ಆದರೂ ತೋಡಿ ಕೇಳಿ ಬೆಳೆದ ಕಿವಿಗೆ ಆ ದನಿ ಪರಕೀಯ ಎನಿಸದು.

ಕತ್ತಿನ ಮೇಲೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಪಟ್ಟಿಯೊಂದು ಇರುತ್ತದೆ, ‘ಸೆಹಿಯಾ’ ಅದರ ಹೆಸರು. ಹಾಡುವವರ ಶ್ರುತಿ ಎಲ್ಲಿದೆಯೋ ಅಲ್ಲಿಗೆ ಅದನ್ನು ಸರಿಸಿ ಕಟ್ಟುತ್ತಾರೆ. ಹಳೆಯ ಸೆಹಿಯಾಗಳು ಮರದವು, ಸಣ್ಣ ಬಿರಡೆಯಿಂದ ಬಿಗಿಯುವಂಥವು. ವಾದ್ಯ ಹಾಡಿನ ಸೇವೆಗೆ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಡ. ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆ ಹಾಡುವಾಗ ಊದುವ ಬಿದಿರಿನ ಗಣೆಯೂ ಹಾಗೆಯೇ ಹಾಡಿನ ಬೆನ್ನಿಗೆ ನಿಲ್ಲುವ ವಾದ್ಯ.

ಕೊಳ್ಳುವ ಮುನ್ನ

ಹಳೆಯ ಗಿಟಾರ್ ಕೊಳ್ಳಲು ಹೊರಟವರು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು: ನುಡಿಸಲು ಬೇಕೋ, ಸಂಗ್ರಹಕ್ಕೆ ಬೇಕೋ? ಸಂಗ್ರಹಕ್ಕೆ ಎಂದಾದರೆ ಮೂಲ ರೂಪ ಉಳಿದಿರುವುದು ಮುಖ್ಯ. ಮೂಲ ಬಿರಡೆ, ಮೂಲ ಅರಗಿನ ಹೊಳಪು, ಮೂಲ ಚೀಟಿ. ನುಡಿಸಲು ಎಂದಾದರೆ ಕತ್ತು ನೇರವಿರುವುದು, ಮೆಟ್ಟಿಲು ಸವೆಯದಿರುವುದು, ತಂತಿಯ ಎತ್ತರ ಹದವಾಗಿರುವುದು ಮುಖ್ಯ. ಚೆನ್ನಾಗಿ ಬೆಸೆದ ಹಳೆಯ ಬಿರುಕು ನುಡಿಸುವವರಿಗೆ ತೊಂದರೆ ಕೊಡದು, ಬೆಲೆಯನ್ನು ಮಾತ್ರ ಇಳಿಸುತ್ತದೆ. ಹೊಸಬರಿಗೆ ಅದೇ ಒಳ್ಳೆಯ ಅವಕಾಶ.

ಕೈಗೆ ಬಂದ ವಾದ್ಯವನ್ನು ಹೀಗೆ ನೋಡಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಮೇಲ್ಹಲಗೆಯ ಮೇಲೆ ಕಣ್ಣೋಡಿಸಿ. ಕುದುರೆಯ ಹಿಂದೆ ತುಸು ಉಬ್ಬು ಸಹಜ, ಗುಡ್ಡದಂತೆ ಎದ್ದಿದ್ದರೆ ಒಳಪಟ್ಟಿ ಬಿಟ್ಟಿರಬಹುದು. ಕುದುರೆಯ ಹಿಂಬದಿಗೆ ತೆಳು ಕಾಗದ ತೂರಿಸಿ ನೋಡಿ, ಕಾಗದ ಒಳಗೆ ಹೋದರೆ ಅಂಟು ಬಿಡುತ್ತಿದೆ ಎಂದರ್ಥ. ಕಿಂಡಿಯೊಳಕ್ಕೆ ಸಣ್ಣ ಕನ್ನಡಿಯನ್ನೂ ಮೊಬೈಲಿನ ಬೆಳಕನ್ನೂ ಇಳಿಸಿ ಪಟ್ಟಿಗಳನ್ನು, ಹಳೆಯ ರಿಪೇರಿಯ ಗುರುತುಗಳನ್ನು ನೋಡಿ. ಒಡಲಿನ ಸುತ್ತ ಬೆರಳ ಗಿಣ್ಣಿನಿಂದ ತಟ್ಟುತ್ತಾ ಬನ್ನಿ. ಎಲ್ಲಾದರೂ ಟಪಟಪ ಎಂದು ಸಡಿಲ ಸದ್ದು ಬಂದರೆ ಅಲ್ಲಿ ಗುರುತು ಹಾಕಿಕೊಳ್ಳಿ. ಜೋರಾಗಿ ಮೀಟಿದಾಗ ತಂತಿ ತುಸು ಗರ್ ಎನ್ನುವುದು ಫ್ಲಮೆಂಕೊ ಗಿಟಾರಿನಲ್ಲಿ ದೋಷವಲ್ಲ, ತಗ್ಗು ತಂತಿಯ ಗುಣ ಅದು.

ಒಳಗಿನ ಚೀಟಿಯೊಂದನ್ನೇ ನಂಬಿ ಹಣ ಕೊಡಬೇಡಿ. ಕಾಗದ ಅಂಟಿಸುವುದು ಯಾರಿಗೂ ಕಷ್ಟದ ಕೆಲಸವಲ್ಲ. ತಲೆಯ ಆಕಾರ, ಕಿಂಡಿಯ ಸುತ್ತಲ ಕುಸುರಿ, ಒಳಗಿನ ಪಟ್ಟಿಗಳನ್ನು ಹೆರೆದ ರೀತಿ, ಕತ್ತು ಒಡಲಿಗೆ ಸೇರುವ ಜಾಗದ ಕೆಲಸ, ಇವು ಕಟ್ಟಿದವರ ಕೈಬರಹ ಇದ್ದಂತೆ. ಅದೇ ಕೈಯ, ಅನುಮಾನವಿಲ್ಲದ ವಾದ್ಯಗಳ ಚಿತ್ರದ ಜೊತೆ ಹೋಲಿಸಿ ನೋಡಿ. ಬೆಲೆ ದೊಡ್ಡದಾದರೆ ಬಲ್ಲವರೊಬ್ಬರಿಂದ ಬರಹದಲ್ಲಿ ಅಭಿಪ್ರಾಯ ಪಡೆಯಿರಿ.

ಹೊರದೇಶದಿಂದ ತರುವವರಿಗೆ ಇನ್ನೊಂದು ಮಾತು. ಬ್ರೆಜಿಲ್ ರೋಸ್‌ವುಡ್ 1992ರಿಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಅತಿ ಬಿಗಿ ಪಟ್ಟಿಯಲ್ಲಿದೆ. ಆ ಮರದ ಹಳೆಯ ಗಿಟಾರ್ ಗಡಿ ದಾಟಬೇಕಾದರೆ ಕಾಗದಪತ್ರ ಬೇಕು. ಬೀಟೆಯೂ ಸೇರಿದಂತೆ ಆ ಜಾತಿಯ ಉಳಿದ ಮರಗಳು 2017ರಲ್ಲಿ ಎರಡನೆಯ ಪಟ್ಟಿಗೆ ಬಂದವು. 2019ರ ನವೆಂಬರ್‌ನಿಂದ ಅವುಗಳಿಂದ ಮಾಡಿ ಮುಗಿಸಿದ ವಾದ್ಯಗಳಿಗೆ ವಿನಾಯಿತಿ ದೊರೆತಿದೆ. ಸೈಪ್ರೆಸ್ ಬೆನ್ನಿನ ಬಿಳಿ ಗಿಟಾರಿಗೆ ಬೆನ್ನಿನ ಮರದಿಂದಾಗಿ ಈ ತಾಪತ್ರಯ ಬರುವುದಿಲ್ಲ. ಕೊಳ್ಳುವ ಮೊದಲೇ ಮರ ಯಾವುದೆಂದು ಬರಹದಲ್ಲಿ ಕೇಳಿ ಪಡೆಯಿರಿ.

ತಂತಿ ಹಾಕುವಾಗ ಜೋಕೆ. ಇದಕ್ಕೆ ನೈಲಾನ್ ತಂತಿಯೇ ಆಗಬೇಕು. ಹಿಂದೆ ಪ್ರಾಣಿಯ ಕರುಳಿನ ತಂತಿ ಬಳಸುತ್ತಿದ್ದರು, ಎರಡನೆಯ ಮಹಾಯುದ್ಧದ ಹೊತ್ತಿಗೆ ಅದಕ್ಕೆ ಬರ ಬಂದು ನೈಲಾನ್ ಬಳಕೆಗೆ ಬಂತು. ಉಕ್ಕಿನ ತಂತಿ ಬಿಗಿದರೆ ಅದರ ಎಳೆತಕ್ಕೆ ಕುದುರೆ ಕಿತ್ತು ಬರುತ್ತದೆ, ಹಲಗೆ ಸೀಳುತ್ತದೆ.

ನಮ್ಮ ಒಣಹವೆಯಲ್ಲಿ

ಈಗ ನನ್ನಿಂದಾದ ಒಂದು ತಪ್ಪನ್ನು ಹೇಳಲೇಬೇಕು, ನೀವು ಅದನ್ನು ಮಾಡದಿರಲಿ ಎಂದು. ಶಿಷ್ಯ ಗಿಟಾರನ್ನು ಪಾವಗಡದ ತನ್ನ ಮನೆಗೆ ಒಯ್ಯುವಾಗ ನಾನು ದನಿಯ ಬಗ್ಗೆ, ಕಟ್ಟಿದವರ ಬಗ್ಗೆ ಎಷ್ಟೋ ಹೇಳಿದೆ. ಹವೆಯ ಬಗ್ಗೆ ಹೇಳುವುದನ್ನು ಮರೆತೆ. ಅವನು ಅದನ್ನು ಶೀಟ್ ಮಾಡಿನ ಕೋಣೆಯಲ್ಲಿ, ಎಲ್ಲರಿಗೂ ಕಾಣಲಿ ಎಂದು ಗೋಡೆಗೆ ತೂಗುಹಾಕಿದ. ಏಪ್ರಿಲ್ ತಿಂಗಳು. ಒಂದು ಮಧ್ಯಾಹ್ನ ಕೋಣೆಯಲ್ಲಿ ಯಾರೂ ಇಲ್ಲದಾಗ ಕಡ್ಡಿ ಮುರಿದಂಥ ಸದ್ದು ಕೇಳಿಸಿತಂತೆ. ಬೆನ್ನಿನ ಹಲಗೆ ಎಳೆಯ ಉದ್ದಕ್ಕೂ ಗೇಣಿನಷ್ಟು ಸೀಳಿತ್ತು.

ಆಚಾರ್ರಿಗೆ ಈ ಸುದ್ದಿ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಬೇಸ್ಗೇಲಿ ಗಾಡಿ ಚಕ್ರಕ್ಕೇನ್ ಮಾಡ್ತಿದ್ವಿ ಸಾರ್? ಕೆರೇಲಿ ನೆನೆ ಹಾಕ್ತಿದ್ವಲ್ಲ!” ಎಂದರು. ಬಿಸಿಲಿಗೆ ಚಕ್ರದ ಮರ ಕುಗ್ಗಿ ಕಬ್ಬಿಣದ ಪಟ್ಟಾ ಸಡಿಲವಾಗುತ್ತದೆ, ನೀರು ಕುಡಿದರೆ ಮರ ಹಿಗ್ಗಿ ಮತ್ತೆ ಬಿಗಿಯುತ್ತದೆ. ಗಿಟಾರಿನ ಹಲಗೆಗಳಿಗೂ ಅದೇ ನಿಯಮ. ಹವೆ ಒಣಗಿದಾಗ ಅವು ಅಡ್ಡಕ್ಕೆ ಕುಗ್ಗಲು ನೋಡುತ್ತವೆ. ಅಂಚೆಲ್ಲ ಅಂಟಿನಿಂದ ಬಿಗಿದಿರುವುದರಿಂದ ಕುಗ್ಗಲು ಎಡೆಯಿಲ್ಲದೆ ಸೀಳುತ್ತವೆ. ಎರಡು ಮಿಲಿಮೀಟರ್ ದಪ್ಪದ ಹಲಗೆಗೆ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಯಾವ ತೆಳುವು ಅದಕ್ಕೆ ಆ ಖಾರ ದನಿ ಕೊಟ್ಟಿತೋ ಅದೇ ತೆಳುವು ಅದನ್ನು ಇಷ್ಟು ನಾಜೂಕು ಮಾಡಿದೆ.

ಪಾವಗಡ, ಶಿರಾ, ಮಧುಗಿರಿ ಮಳೆನೆರಳಿನ ಸೀಮೆ. ಮಾರ್ಚ್‌ನಿಂದ ಮೇವರೆಗೆ ಹೀಗೆ ನೋಡಿಕೊಳ್ಳಿ. ನುಡಿಸದಿದ್ದಾಗ ಗಿಟಾರ್ ಪೆಟ್ಟಿಗೆಯಲ್ಲೇ ಇರಲಿ, ಮುಚ್ಚಳ ಹಾಕಿರಲಿ. ಸಣ್ಣ ಸೋಪ್ ಡಬ್ಬಿಗೆ ತೂತು ಕೊರೆದು, ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಸ್ಪಂಜನ್ನು ಅದರೊಳಗಿಟ್ಟು, ಗಿಟಾರಿನ ತಲೆಯ ಬಳಿ ಪೆಟ್ಟಿಗೆಯಲ್ಲಿಡಿ. ನೀರು ಮರಕ್ಕೆ ತಾಗಬಾರದು. ತೇವಾಂಶ ತೋರಿಸುವ ಪುಟ್ಟ ಮಾಪಕವೊಂದನ್ನು ಕೊಂಡು ಜೊತೆಗಿಡಿ. ಅದರ ಮುಳ್ಳು ನೂರಕ್ಕೆ ನಲವತ್ತೈದರಿಂದ ಐವತ್ತೈದರ ನಡುವೆ ಇದ್ದರೆ ನೆಮ್ಮದಿ. ಶೀಟ್ ಮಾಡಿನ ಕೆಳಗೆ, ಅಟ್ಟದ ಮೇಲೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಎಂದೂ ಇಡಬೇಡಿ. ಮಳೆಗಾಲದಲ್ಲಿ ಬಾಗಿಲು ಹಿಗ್ಗಿ ಚೌಕಟ್ಟಿಗೆ ಕಚ್ಚುವ ದಿನಗಳಲ್ಲಿ ಸ್ಪಂಜು ತೆಗೆದುಬಿಡಿ.

ಆ ಗಿಟಾರನ್ನು ಬೆಂಗಳೂರಿನಲ್ಲಿ ವಾದ್ಯಗಳನ್ನೇ ರಿಪೇರಿ ಮಾಡುವವರೊಬ್ಬರ ಬಳಿ ಒಯ್ದೆವು. ಅವರು ಅದನ್ನು ಮೂರು ವಾರ ಹದವಾದ ತೇವದಲ್ಲಿಟ್ಟರು. ಸೀಳು ತಾನಾಗಿಯೇ ಮುಚ್ಚಿಕೊಂಡಿತು. ಆಮೇಲೆ ಬಿಸಿ ಸರೇಸು ಹಾಕಿ ಬೆಸೆದು, ಒಳಗಿನಿಂದ ಸಣ್ಣ ಮರದ ಚೂರುಗಳನ್ನು ಆಸರೆಗೆ ಅಂಟಿಸಿದರು. ಸರೇಸನ್ನೇ ಯಾಕೆ ಬಳಸಿದಿರಿ ಎಂದು ಕೇಳಿದೆ. ಬಿಸಿ, ತೇವ ತಾಗಿಸಿದರೆ ಸರೇಸು ಬಿಡುತ್ತದೆ, ಮುಂದೆ ಯಾರಾದರೂ ಇದನ್ನು ಮತ್ತೆ ಬಿಚ್ಚಿ ಸರಿಮಾಡಬೇಕಾದರೆ ದಾರಿ ತೆರೆದಿರಲಿ ಎಂದರು. ಹೊಸ ಬಗೆಯ ಗಟ್ಟಿ ಅಂಟು ಹಾಕಿದರೆ ಆ ದಾರಿ ಮುಚ್ಚಿದಂತೆ. ಹಳೆಯ ಹೊಳಪನ್ನು ಕೆರೆದು ಹೊಸ ವಾರ್ನಿಷ್ ಬಳಿಯಲೂ ಅವರು ಒಪ್ಪಲಿಲ್ಲ. ಅವರನ್ನು ನೋಡಿ ನಾನು ಕಲಿತೆ: ಹಳೆಯ ವಾದ್ಯವನ್ನು ಕಾಯುವವರು ತಮ್ಮ ನಂತರ ಬರುವ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡುತ್ತಾರೆ.

ಎತ್ತಿ ನೋಡಿ

ಶಿಷ್ಯ ಯುರೋಪಿಗೆ ಹಿಂದಿರುಗುವಾಗ ಗಿಟಾರನ್ನು ನನ್ನ ಬಳಿ ಬಿಟ್ಟುಹೋದ. ಪೆಟ್ಟಿಗೆಯಲ್ಲೇ ಕೂತರೆ ಬಿರಡೆಗಳು ಕಚ್ಚಿಕೊಳ್ಳುತ್ತವೆ, ಎಲ್ಲಿ ಅಂಟು ಬಿಟ್ಟಿತು, ಎಲ್ಲಿ ಸೀಳು ಹೊರಟಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ದಿನವೂ ನುಡಿಸುವವರ ಕೈಗೆ ಸಣ್ಣ ಬದಲಾವಣೆಯೂ ಅಂದೇ ಗೊತ್ತಾಗುತ್ತದೆ. ಅದಕ್ಕೇ ಸಂಜೆ ಅರ್ಧ ಗಂಟೆ ಅದನ್ನು ನುಡಿಸುತ್ತೇನೆ. ಭಾನುವಾರ ಶಿರಾದಿಂದ ಬರುವ ಹುಡುಗಿಯರು ಹನ್ನೆರಡರ ಎಣಿಕೆ ತಟ್ಟುತ್ತಾರೆ. ಕೊರಟಗೆರೆಯ ಹುಡುಗನೊಬ್ಬ ಚಕ್ಕುಲಿ ಮುರಿದಂತೆ ಗರಿಗರಿಯಾಗಿ ರಸ್ಗೆಯಾದೊ ಎಳೆಯುವುದನ್ನು ಕಲಿತಿದ್ದಾನೆ. ನಡುಮನೆಯಲ್ಲಿ ಅಷ್ಟು ಚಪ್ಪಾಳೆಯ ನಡುವೆಯೂ ಗಿಟಾರ್ ಒಂದೊಂದು ಪೆಟ್ಟೂ ಕೇಳುವಂತೆ ನುಡಿಯುತ್ತದೆ. ಐವತ್ತು ವರ್ಷದ ಹಿಂದೆ ಮ್ಯಾಡ್ರಿಡ್‌ನಲ್ಲಿ ಯಾರೋ ಮರವನ್ನು ಅಷ್ಟು ತೆಳುವಾಗಿ ಹೆರೆದದ್ದು ಇದಕ್ಕಾಗಿಯೇ.

ನೀವು ಬಂದಾಗ ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಉಂಗುರ, ಬಳೆ, ಬೆಲ್ಟಿನ ಬಕಲ್ ಹಲಗೆಗೆ ತಾಗದಂತೆ ನೋಡಿಕೊಳ್ಳಿ. ಆಮೇಲೆ ಎರಡೂ ಕೈಯಲ್ಲಿ ಎತ್ತಿ. ಆಚಾರ್ರ ಕೈ ಮೇಲೆ ಹೋದಂತೆ ನಿಮ್ಮ ಕೈಯೂ ಒಂದಿಷ್ಟು ಹೆಚ್ಚು ಮೇಲೆ ಹೋದರೆ, ಪಾಠ ಶುರುವಾಯಿತೆಂದು ತಿಳಿಯಿರಿ.